ನಡೆಗೂ ಗುರಿಗೂ ಒಂದೇ ಕೋಲು



ಬೆಟ್ಟ ಹತ್ತುವಾಗ ಊರುಗೋಲು, ಕೋವಿ ಎತ್ತಿದಾಗ ಕವೆಗೋಲು. ಈ ಎರಡು ಕೆಲಸವನ್ನೂ ಒಂದೇ ಕೋಲಿನಿಂದ ಮಾಡಿಸಿಕೊಳ್ಳಬೇಕಾದರೆ ಎಂಥ ಕೋಲನ್ನು ಆರಿಸಬೇಕು ಎನ್ನುವುದು ಇವತ್ತಿನ ವಿಷಯ. ಸ್ಕಾಟ್ಲೆಂಡಿನ ಇನ್ವರ್ನೆಸ್ ಸೀಮೆಯಲ್ಲಿ ನಾನು ಕೆಲಸಕ್ಕಿದ್ದ ವರ್ಷಗಳಲ್ಲಿ, ಜಿಂಕೆಗಳ ಉಸ್ತುವಾರಿಯನ್ನೇ ಕಸುಬು ಮಾಡಿಕೊಂಡವರ ಹಿಂದೆ ಬೆಟ್ಟ ಸುತ್ತಿದ್ದೇನೆ. ಅಲ್ಲಿ ಅವರನ್ನು ಸ್ಟಾಕರ್ ಎನ್ನುತ್ತಾರೆ. ಅವರ ಹೆಗಲಲ್ಲಿ ಕೋವಿ ಇಲ್ಲದ ದಿನ ನೋಡಿದ್ದೇನೆ, ಕೈಯಲ್ಲಿ ಕೋಲಿಲ್ಲದ ದಿನ ನೋಡಿಲ್ಲ. ಅಂಗಡಿಗಳಲ್ಲಿ ಈಗ ಹತ್ತಾರು ಬಗೆಯ ಕೋಲುಗಳು ಸಿಗುತ್ತವೆ. ಒಂದು ಕಾಲಿನದು, ಎರಡು ಕಾಲಿನದು, ಮೂರು, ನಾಲ್ಕು ಕಾಲಿನದು, ಕಾರ್ಬನ್ನಿನದು, ಅಲ್ಯೂಮಿನಿಯಮ್ಮಿನದು. ಪ್ರತಿಯೊಂದರ ಚೀಟಿಯ ಮೇಲೂ ‘ನಡೆಯಲಿಕ್ಕೂ ಆಗುತ್ತದೆ, ಗುರಿಗೂ ಆಗುತ್ತದೆ’ ಎಂಬ ಭರವಸೆ ಇರುತ್ತದೆ. ಆ ಭರವಸೆಯನ್ನು ಹೇಗೆ ಅಳೆದು ನೋಡಬೇಕು ಎಂದು ಹೇಳಲು ಬಂದಿದ್ದೇನೆ.

ಇದು ನಮ್ಮ ನಾಡಿನ ಬೇಟೆಯ ಮಾತಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಭಾರತದಲ್ಲಿ ಅಪರಾಧ. ಹಾಗೆಯೇ ಇರಬೇಕು ಎಂದು ನಂಬಿದವನು ನಾನು. ಕೊಡಗಿನಲ್ಲಿ ಕೋವಿಯ ಪರವಾನಗಿಗೆ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಇದೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಇದೆ. ಆದರೆ ಕಾಡಿನ ಬೇಟೆಗೆ ಅಲ್ಲೂ ಅವಕಾಶವಿಲ್ಲ.

ಸ್ಕಾಟ್ಲೆಂಡಿನ ಕಥೆ ಬೇರೆ. ಅಲ್ಲಿ ತೋಳಗಳು ಅಳಿದು ಶತಮಾನಗಳೇ ಕಳೆದಿವೆ. ದೊಡ್ಡ ಜಿಂಕೆಯನ್ನು ಹಿಡಿದು ತಿನ್ನುವ ಪ್ರಾಣಿ ಇಡೀ ದೇಶದಲ್ಲಿ ಒಂದೂ ಉಳಿದಿಲ್ಲ. ಕೆಂಪು ಜಿಂಕೆ, ಪುಟ್ಟ ರೋ ಜಿಂಕೆ, ಹೊರಗಿನಿಂದ ತಂದು ಬಿಟ್ಟ ಸೀಕಾ ಮತ್ತು ಫ್ಯಾಲೋ ಎಲ್ಲ ಸೇರಿ ಅಲ್ಲಿಯ ಸರ್ಕಾರದ ಅಂದಾಜಿನಲ್ಲಿ ಹತ್ತು ಲಕ್ಷದ ಹತ್ತಿರಕ್ಕೆ ಬಂದಿವೆ. ಪೈನ್, ಬರ್ಚ್, ರೋವನ್ ಸಸಿಗಳು ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಜಿಂಕೆಗಳ ಬಾಯಿಗೆ ಹೋಗುತ್ತವೆ. ಮುದಿ ಪೈನ್ ಮರಗಳು ನಿಂತಿವೆ, ಅವುಗಳ ಕೆಳಗೆ ಮರಿಮಕ್ಕಳಿಲ್ಲ. ಕೇರ್ನ್‌ಗಾರ್ಮ್ ಬೆಟ್ಟಗಳ ಗ್ಲೆನ್ ಫೆಶಿ ಕಣಿವೆಯಲ್ಲಿ ಈ ಶತಮಾನದ ಮೊದಲ ದಶಕದಿಂದ ಜಿಂಕೆಗಳ ಸಂಖ್ಯೆಯನ್ನು ಗಟ್ಟಿ ಮನಸ್ಸು ಮಾಡಿ ಇಳಿಸಿದರು. ಬೇಲಿ ಹಾಕದೆಯೇ ಅಲ್ಲಿ ಪೈನ್ ಸಸಿಗಳು ಸಾಲುಸಾಲಾಗಿ ಮೇಲೆದ್ದವು. ಇಡೀ ಸ್ಕಾಟ್ಲೆಂಡಿನಲ್ಲಿ ಗಂಡು ಜಿಂಕೆಯನ್ನು ಹೊಡೆಯಬಾರದ ತಿಂಗಳುಗಳು ಎಂದು ಇದ್ದ ನಿರ್ಬಂಧವನ್ನು 2023ರಲ್ಲಿ ತೆಗೆದೇಹಾಕಿದರು. ಮರಿ ಸಾಕುವ ಕಾಲದಲ್ಲಿ ಹೆಣ್ಣಿಗೆ ರಕ್ಷಣೆ ಉಳಿದಿದೆ.

ತೋಳ ಮಾಡುತ್ತಿದ್ದ ಕೆಲಸವನ್ನು ಮನುಷ್ಯ ವಹಿಸಿಕೊಂಡ ಮೇಲೆ ಅವನ ಮೇಲೆ ಒಂದು ಕರ್ತವ್ಯ ಬೀಳುತ್ತದೆ. ಪ್ರಾಣಿ ನರಳಬಾರದು. ಮೊದಲ ಗುಂಡಿಗೇ, ನಿಂತ ಜಾಗದಲ್ಲೇ ಜೀವ ಹೋಗಬೇಕು. ಕೋಲಿನ ಆಯ್ಕೆಯನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ.

ನಮ್ಮ ಬೇಟೆಯ ಕತೆಗಳನ್ನು ಓದಿದವರಿಗೆ ಇಂಥ ಕೋಲಿನ ನೆನಪು ಬರಲಾರದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ, ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕತೆಗಳಲ್ಲಿ ನರಭಕ್ಷಕನಿಗಾಗಿ ಮಚಾನಿನ ಮೇಲೆ ರಾತ್ರಿಯಿಡೀ ಕಾಯುವುದಿದೆ. ಹುಲಿ ಬಂದರೆ ಬರುವುದು ಕೆಲವೇ ಗಜಗಳ ದೂರಕ್ಕೆ. ಮಲೆನಾಡಿನಲ್ಲಿ ಹಿಂದೆ ನಡೆಯುತ್ತಿದ್ದ ಹಂದಿ ಬೇಟೆಯಲ್ಲಿ ಹಳು ನುಗ್ಗುವವರು ನಾಯಿಗಳೊಡನೆ ಒಂದು ಕಡೆಯಿಂದ ಕೂಗುತ್ತ ಬರುತ್ತಿದ್ದರು. ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯುವ ಜಾಗಕ್ಕೆ, ಕೂತವನ ಎದುರಿಗೆ ಹಂದಿ ನುಗ್ಗಿ ಹಾಯುವುದು ಕಣ್ಣುಮಿಟುಕಿಸುವಷ್ಟು ಹೊತ್ತು. ಕೋಲು ಊರಿ, ಕೋವಿ ಆನಿಸಿ, ಉಸಿರು ಹಿಡಿದು ಗುರಿಯಿಡುವ ಪುರುಸೊತ್ತು ಎಲ್ಲಿಯದು? ದಟ್ಟ ಕಾಡು, ಹತ್ತಿರದ ಈಡು, ಓಡುವ ಪ್ರಾಣಿ ಇರುವ ಕಡೆ ಕವೆಗೋಲು ಹುಟ್ಟುವುದಿಲ್ಲ. ಬಯಲು ಬೆಟ್ಟ, ದೂರದ ಈಡು, ನಿಂತು ಮೇಯುವ ಪ್ರಾಣಿ ಇದ್ದರೆ ಅದು ಹುಟ್ಟುತ್ತದೆ.

ಹಾಗೆ ಹುಟ್ಟಿದ ಕಡೆಗಳು ಬಹಳ. ಟಿಬೆಟ್ ಮತ್ತು ಲಡಾಖ್ ಕಡೆಯ ಹಳೆಯ ಬತ್ತಿಕೋವಿಗಳಿಗೆ ಮುಂಭಾಗದಲ್ಲಿ ಮಡಚುವ ಎರಡು ಕವಲು ಇರುತ್ತಿತ್ತು. ತುದಿಗೆ ಎಷ್ಟೋ ಸಲ ಚಿರು ಎಂಬ ಹುಲ್ಲೆಯ ಕೊಂಬನ್ನೇ ಸಿಕ್ಕಿಸುತ್ತಿದ್ದರು. ಮರವಿಲ್ಲದ ಬಯಲಿನಲ್ಲಿ ಆನಿಕೆಯನ್ನು ಜೊತೆಗೇ ಒಯ್ಯಬೇಕಲ್ಲ. ಯುರೋಪಿನಲ್ಲಿ ಹದಿನಾರನೆಯ ಶತಮಾನದ ಮಸ್ಕೆಟ್ ಎಷ್ಟು ಭಾರವಿತ್ತೆಂದರೆ ಸಿಪಾಯಿ ಅದನ್ನು ಬರಿಗೈಯಲ್ಲಿ ಹಿಡಿದು ಗುರಿಯಿಡಲಾರ. ಎಡಗೈಯಲ್ಲಿ ಕಬ್ಬಿಣದ ಕವೆಯ ಕೋಲು ಹಿಡಿದು ನಡೆದು, ಅದನ್ನು ನೆಲಕ್ಕೂರಿ, ಕವೆಯಲ್ಲಿ ಮಸ್ಕೆಟ್ ಇಟ್ಟು ಹೊಡೆಯಬೇಕಿತ್ತು. ಯಾಕೋಬ್ ಡೆ ಗೇನ್ 1607ರಲ್ಲಿ ಪ್ರಕಟಿಸಿದ ಕವಾಯತಿನ ಚಿತ್ರಪುಸ್ತಕದಲ್ಲಿ ಈ ಕೋಲನ್ನು ಹೇಗೆ ಹಿಡಿಯಬೇಕು, ಮದ್ದು ತುಂಬುವಾಗ ಎಲ್ಲಿ ಜೋತುಬಿಡಬೇಕು ಎಂದು ಒಂದೊಂದು ಹೆಜ್ಜೆಯನ್ನೂ ಕೆತ್ತಿ ತೋರಿಸಿದ್ದಾರೆ. ಮಸ್ಕೆಟ್ ಹಗುರವಾದಂತೆ ಆ ಕೋಲು ಸೈನ್ಯದಿಂದ ಮಾಯವಾಯಿತು. ಬೇಟೆಗಾರ ಮಾತ್ರ ಅದನ್ನು ಬಿಡಲಿಲ್ಲ.

ಎರಡೂ ಕೆಲಸದ ಕೋಲು ಎಂದರೆ ನನ್ನ ಕಣ್ಣೆದುರು ಮೊದಲು ಬರುವುದು ಆಲ್ಪ್ಸ್ ಪರ್ವತದ ಬೆರ್ಗ್‌ಷ್ಟಾಕ್. ಆಸ್ಟ್ರಿಯ, ಬವೇರಿಯ ಕಡೆಯ ಶಾಮ್ವಾ ಬೇಟೆಗಾರರ ಕೋಲು ಅದು. ಶಾಮ್ವಾ ಎಂದರೆ ಕಡಿದಾದ ಬಂಡೆಗಳ ಮೇಲೆ ಸಲೀಸಾಗಿ ಓಡಾಡುವ, ಆಡಿನ ಬಳಗದ ಪ್ರಾಣಿ. ಹೇಜಲ್ ಗಿಡದ ನೇರವಾದ ಕಾಂಡ, ಉದ್ದ ಹೆಚ್ಚುಕಡಿಮೆ ಎರಡು ಮೀಟರ್, ಕೆಳತುದಿಗೆ ಕಬ್ಬಿಣದ ಮೊಳೆ. ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಬೇಟೆಗಾರ ಕೋಲನ್ನು ಮೈಗೆ ಅಡ್ಡಲಾಗಿ ಬೆಟ್ಟದ ಕಡೆಗೆ ಒತ್ತಿ, ಅದರ ಮೇಲೆ ಭಾರ ಬಿಟ್ಟು ಜಾರುತ್ತ ಇಳಿಯುತ್ತಾನೆ. ಪ್ರಾಣಿ ಕಂಡಾಗ ಅದೇ ಕೋಲನ್ನು ಊರಿ, ಎಡಗೈಯಿಂದ ಕೋಲನ್ನೂ ಕೋವಿಯನ್ನೂ ಒಟ್ಟಿಗೆ ಅದುಮಿ ಹಿಡಿಯುತ್ತಾನೆ. ಕವೆ ಇಲ್ಲ, ಬೀಗ ಇಲ್ಲ, ಬಿಚ್ಚುವ ಭಾಗ ಒಂದೂ ಇಲ್ಲ. ಕೋಲಿಗೆ ಸಾಕಷ್ಟು ಉದ್ದವಿದ್ದರೆ ಕೂತಾಗ, ನಿಂತಾಗ, ಇಳಿಜಾರಿನಲ್ಲಿ ಎಲ್ಲಿ ಬೇಕಾದರೂ ಎತ್ತರ ತಾನಾಗಿ ಹೊಂದಿಕೊಳ್ಳುತ್ತದೆ ಎನ್ನುವುದು ಅದರಿಂದ ನಾವು ಕಲಿಯಬೇಕಾದ ವಿಷಯ.

ಕೊಳ್ಳುವವನು ತೀರ್ಮಾನಿಸಬೇಕಾದದ್ದೂ ಮೊದಲು ಉದ್ದವನ್ನೇ. ನಡೆಯುವ ಕೋಲಿಗೂ ಗುರಿಯ ಕೋಲಿಗೂ ಇರುವ ಜಗಳ ಅಲ್ಲೇ.

ಲೆಕ್ಕ ಹಾಕಿ ನೋಡೋಣ. ಟ್ರೆಕ್ಕಿಂಗ್ ಕೋಲನ್ನು ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಬಾಗಿರಬೇಕು ಎನ್ನುವುದು ಎಲ್ಲರೂ ಒಪ್ಪಿದ ಅಳತೆ. 170 ಸೆಂಟಿಮೀಟರ್ ಎತ್ತರದವನಿಗೆ ಅದು ಸುಮಾರು 115 ಸೆಂಟಿಮೀಟರ್ ಆಗುತ್ತದೆ. ಅದೇ ಮನುಷ್ಯ ನಿಂತು ಗುರಿಯಿಟ್ಟರೆ ಕೋವಿ ಇರುವುದು ಹೆಗಲ ಮಟ್ಟಕ್ಕಿಂತ ತುಸು ಮೇಲೆ, ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿ. ಕೋಲಿನ ಕಾಲುಗಳನ್ನು ಅಗಲಿಸಿ ಊರಿದರೆ ಒಂದಷ್ಟು ಎತ್ತರ ಅದರಲ್ಲೇ ಕಳೆಯುತ್ತದೆ, ತುದಿ ಕೆಸರಿನಲ್ಲಿ ಇಳಿದರೆ ಇನ್ನಷ್ಟು. ನಿಂತು ಹೊಡೆಯಲು 165ರಿಂದ 180 ಸೆಂಟಿಮೀಟರ್ ಉದ್ದದ ಕಾಲು ಬೇಕು. ಸಾಮಾನ್ಯ ಟ್ರೆಕ್ಕಿಂಗ್ ಕೋಲನ್ನು ಪೂರ್ತಿ ಎಳೆದರೂ 135, ಹೆಚ್ಚೆಂದರೆ 140. ಅಂಗಡಿಯಲ್ಲಿ ಒಂದು ಜೊತೆ ಟ್ರೆಕ್ಕಿಂಗ್ ಕೋಲಿಗೆ ಕವೆಯ ಕೊಂಡಿ ಸಿಕ್ಕಿಸಿ ‘ನೋಡಿ, ಕೋವಿಗೂ ಆಗುತ್ತದೆ’ ಎಂದು ತೋರಿಸಿದರೆ, ಆಗುವುದು ಕೂತಾಗ, ಇಲ್ಲವೇ ಒಂದು ಮೊಣಕಾಲೂರಿದಾಗ ಮಾತ್ರ ಎಂದು ತಿಳಿಯಿರಿ. ನಿಂತವನು ಅದಕ್ಕೆ ಬಾಗಿದರೆ ಸೊಂಟ ನಡುಗುತ್ತದೆ, ಸೊಂಟದ ನಡುಕ ಕೋವಿಗೆ ಬರುತ್ತದೆ.

ನಾನು ಎಲ್ಲಿ ಹೇಗೆ ಹೊಡೆಯುತ್ತೇನೆ ಎಂಬ ಪ್ರಶ್ನೆಯನ್ನು ಕೊಳ್ಳುವವನು ತನ್ನನ್ನೇ ಕೇಳಿಕೊಳ್ಳಬೇಕು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸಿನ ಬೋಳು ಬೆಟ್ಟದಲ್ಲಿ ಕೆಂಪು ಜಿಂಕೆಯ ಹಿಂದೆ ಹೋಗುವವನು ಕೊನೆಯ ನೂರಿನ್ನೂರು ಮೀಟರ್ ಹೊಟ್ಟೆಯ ಮೇಲೆ ತೆವಳುತ್ತಾನೆ. ಒದ್ದೆ ಹೀದರ್ ಪೊದೆ, ಕಪ್ಪು ಪೀಟ್ ಕೆಸರು, ಮೊಣಕೈ ಮುಳುಗುವ ನೀರು. ಹೊಡೆಯುವುದೂ ಮಲಗಿಯೇ, ಬೆನ್ನುಚೀಲದ ಮೇಲೋ ಕೋವಿಗೇ ಜೋಡಿಸಿದ ಗಿಡ್ಡ ಕಾಲುಗಳ ಮೇಲೋ ಆನಿಸಿ. ಅಂಥವನ ಕೋಲು ಬಹುಪಾಲು ನಡೆಯುವ ಕೋಲೇ. ಹೊಳೆ ದಾಟಲು, ಕೆಸರಿನ ಆಳ ನೋಡಲು, ಇಳಿಯುವಾಗ ಮೊಣಕಾಲು ಉಳಿಸಿಕೊಳ್ಳಲು ಅದು ಬೇಕು. ಅದೇ ಸ್ಟಾಕರ್ ಮರುದಿನ ತಪ್ಪಲಿನ ನೆಡುತೋಪಿನ ಅಂಚಿನಲ್ಲಿ ರೋ ಜಿಂಕೆಗೆ ಹೋದರೆ ಎಲ್ಲವೂ ಬದಲಾಗುತ್ತದೆ. ಎದೆಮಟ್ಟದ ಬ್ರಾಕೆನ್ ಜರಿಗಿಡ, ಉದ್ದ ಹುಲ್ಲು. ಮಲಗಿದರೆ ಜಿಂಕೆ ಕಾಣುವುದಿಲ್ಲ, ಕೂತರೂ ಕಾಣುವುದಿಲ್ಲ. ನಿಂತೇ ಹೊಡೆಯಬೇಕು. ಆಫ್ರಿಕದ ಮುಳ್ಳುಪೊದೆಯ ಬಯಲಿನಲ್ಲೂ ಹೀಗೆಯೇ ಆದ್ದರಿಂದ ನಮೀಬಿಯ, ದಕ್ಷಿಣ ಆಫ್ರಿಕಗಳ ಬೇಟೆ ಮಾರ್ಗದರ್ಶಿಗಳು ಆಳೆತ್ತರದ ಮುಕ್ಕಾಲಿಯನ್ನು ತಾವೇ ಹೊತ್ತು ಅತಿಥಿಯ ಮುಂದೆ ನಡೆಯುತ್ತಾರೆ.

ಬೋಳು ಬೆಟ್ಟದವನು ನಡಿಗೆಗೆ ತಕ್ಕ ಕೋಲು ಆರಿಸಲಿ, ಗುರಿಯ ಉಪಯೋಗವನ್ನು ಮೇಲಿನ ಲಾಭವೆಂದುಕೊಳ್ಳಲಿ. ಕಾಡಿನಂಚಿನವನು ಗುರಿಗೆ ತಕ್ಕ ಉದ್ದ ಕೋಲನ್ನೇ ಆರಿಸಿ, ಅದನ್ನು ಮಡಚಿ ಹಿಡಿದು ನಡೆಯುವುದನ್ನು ರೂಢಿ ಮಾಡಿಕೊಳ್ಳಲಿ. ಎರಡಕ್ಕೂ ಸಮವಾಗಿ ಒದಗುವ ಕೋಲನ್ನು ನಾನು ಕಂಡಿಲ್ಲ.

ಹಾಗಾದರೆ ಎರಡು ಬೇರೆ ಬೇರೆ ಕೋಲು ಒಯ್ಯಬಾರದೇ ಎಂದು ನೀವು ಕೇಳಬಹುದು. ಒಯ್ಯಬಹುದು, ಆದರೆ ಒಂದು ಚೀಲದಲ್ಲಿರುತ್ತದೆ. ಜಿಂಕೆ ಎದ್ದು ನಿಂತು ಈ ಕಡೆ ನೋಡುವ ಹೊತ್ತಿಗೆ ಚೀಲ ಬಿಚ್ಚಲಾಗದು. ಬೆಳಗಿನಿಂದ ಊರಿಕೊಂಡು ಬಂದ ಕೋಲು ಮಾತ್ರ ಆಗ ಕೈಯಲ್ಲಿರುತ್ತದೆ. ಭಾರ ಕಡಿಮೆಯಾಗುತ್ತದೆ, ಹಣ ಉಳಿಯುತ್ತದೆ ಎಂಬ ಮಾತೆಲ್ಲ ಆಮೇಲಿನದು.

ಇನ್ನು ಅಲುಗಾಟದ ವಿಷಯ. ಒಂದು ಮೀಟರ್ ಉದ್ದದ ಕೋವಿಯ ಮೂತಿ ಹಿಂಬದಿಯನ್ನು ಕೇಂದ್ರವಾಗಿಟ್ಟುಕೊಂಡು ಒಂದೇ ಒಂದು ಮಿಲಿಮೀಟರ್ ಸರಿದರೆ, ನೂರು ಮೀಟರ್ ಆಚೆ ಗುಂಡು ಬೀಳುವ ಜಾಗ ಹತ್ತು ಸೆಂಟಿಮೀಟರ್ ಸರಿಯುತ್ತದೆ. ರೋ ಜಿಂಕೆ ನಮ್ಮ ಊರಿನ ಮೇಕೆಗಿಂತ ದೊಡ್ಡದಲ್ಲ. ಅದರ ಹೃದಯ, ಶ್ವಾಸಕೋಶ ಇರುವ ಜಾಗ ಅಂಗೈಗಿಂತ ಸ್ವಲ್ಪ ಅಗಲ. ಒಂದು ಮಿಲಿಮೀಟರು ತಪ್ಪಿದರೆ ಶ್ವಾಸಕೋಶಕ್ಕೆ ಹೋಗಬೇಕಾದ ಗುಂಡು ಹೊಟ್ಟೆಗೆ ಹೋಗುತ್ತದೆ. ಬರಿಗೈಯಲ್ಲಿ ನಿಂತವನ ಉಸಿರಾಟ, ನಾಡಿಬಡಿತ, ಬೆಟ್ಟ ಹತ್ತಿ ಬಂದ ಏದುಸಿರು, ಬೆವರಿದ ಬೆನ್ನಿಗೆ ಬಡಿಯುವ ಗಾಳಿ ಎಲ್ಲವೂ ಸೇರಿ ಆ ಮಿಲಿಮೀಟರನ್ನು ಎಷ್ಟೋ ಸಲ ದಾಟಿಸುತ್ತವೆ.

ಒಂದು ಕಾಲಿನ ಕೋಲು ಮೇಲೆ ಕೆಳಗಿನ ಅಲುಗಾಟವನ್ನು ತಡೆಯುತ್ತದೆ, ಎಡಬಲದ್ದನ್ನು ಬಿಟ್ಟುಬಿಡುತ್ತದೆ. ಎರಡು ಕಾಲು ಅಡ್ಡಹಾಯ್ದ ಕೋಲು ಎಡಬಲವನ್ನೂ ಹಿಡಿಯುತ್ತದೆ, ಹಿಂದುಮುಂದಿನ ತೂಗಾಟ ಮಾತ್ರ ಉಳಿಯುತ್ತದೆ. ಆ ತೂಗಾಟ ಗುರಿಯ ಗೆರೆಯಲ್ಲೇ ಇರುವುದರಿಂದ ತೊಂದರೆ ಕಡಿಮೆ, ಮೈಯನ್ನು ತುಸು ಮುಂದಕ್ಕೆ ಒತ್ತಿ ನಿಂತರೆ ಅದೂ ಅಡಗುತ್ತದೆ. ಮೂರು ಕಾಲಿನದು ಮೂರು ಕಲ್ಲಿನ ಒಲೆಯಂತೆ, ಎಂಥ ಏರುಪೇರಿನ ನೆಲದಲ್ಲೂ ಅಲುಗದೆ ಕೂರುತ್ತದೆ. ನಾಲ್ಕು ಕಾಲಿನದು ಕೋವಿಯನ್ನು ಮುಂದೊಂದು, ಹಿಂದೊಂದು ಕಡೆ ಎರಡು ಆನಿಕೆ ಕೊಟ್ಟು ಹಿಡಿಯುತ್ತದೆ. ನಿಂತು ಹೊಡೆಯುವವನಿಗೆ ಇದಕ್ಕಿಂತ ಗಟ್ಟಿ ಆಸರೆ ಇನ್ನೊಂದಿಲ್ಲ. ಒಂದು ಸಲ ತೆರೆದು ಊರಿದರೆ ಕೋವಿ ತಾನೇ ನಿಂತಂತೆ ಇರುತ್ತದೆ. ಹೊಸಬರಿಗೆ, ಕೈ ನಡುಗುವ ವಯಸ್ಸಾದವರಿಗೆ ನಾಲ್ಕು ಕಾಲಿನದನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಅದರ ನಾಲ್ಕು ಕೊಳವೆಗಳನ್ನು ಒಟ್ಟಿಗೆ ಹಿಡಿದು ದಿನವಿಡೀ ಊರುತ್ತ ನಡೆಯುವುದು ಕಷ್ಟ. ಹಿಡಿ ದಪ್ಪ, ತುದಿ ಮೊಂಡು, ಕಲ್ಲಿನ ಸಂದಿಗೆ ಇಳಿಯುವುದಿಲ್ಲ. ಅದಲ್ಲದೆ ಎಡದಿಂದ ಬಲಕ್ಕೆ ಮೇಯುತ್ತ ಸಾಗುವ ಜಿಂಕೆಯನ್ನು ಅನುಸರಿಸಿ ಕೋವಿ ತಿರುಗಿಸಬೇಕಾದರೆ ಕಾಲುಗಳನ್ನು ಕಿತ್ತು ಮತ್ತೆ ಊರಬೇಕಾಗುತ್ತದೆ. ಆ ಚಲನೆಯನ್ನು ಜಿಂಕೆ ನೋಡುತ್ತದೆ.

ನನ್ನ ಒಲವು ಎರಡು ಕಾಲಿನ ಉದ್ದ ಕೋಲಿನ ಕಡೆಗೆ. ನೆತ್ತಿಯ ಹತ್ತಿರ ಒಂದು ಬೋಲ್ಟಿನಿಂದಲೋ ರಬ್ಬರಿನಿಂದಲೋ ಜೋಡಿಸಿದ ಎರಡು ಕೋಲುಗಳು. ಮಡಚಿದರೆ ಒಂದೇ ಕೋಲು, ಹೆಬ್ಬೆರಳಿನಿಂದ ಒತ್ತಿದರೆ ಕತ್ತರಿಯಂತೆ ತೆರೆದು ಮೇಲೆ ಕವೆಯಾಗುತ್ತದೆ. ಬ್ರಿಟನ್ನಿನ ಹಳ್ಳಿಗಳಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುವವರು ಬಹಳ ಮಂದಿ. ಆರಡಿ ಉದ್ದದ ಎರಡು ಹೇಜಲ್ ಕೋಲು, ಹಳೆಯ ಸೈಕಲ್ ಟ್ಯೂಬಿನ ತುಂಡು, ಕೆಲಸ ಮುಗಿಯಿತು. ಹೇಜಲ್ ಕೋಲನ್ನು ಎಲೆ ಉದುರಿ ರಸ ಇಳಿದ ಚಳಿಗಾಲದಲ್ಲಿ ಕಡಿದು, ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿಸಬೇಕು. ಅವಸರ ಮಾಡಿದರೆ ಕೋಲು ಬಾಗುತ್ತದೆ, ಸಿಗಿಯುತ್ತದೆ. ಚೆನ್ನಾಗಿ ಒಣಗಿದ ಕೋಲು ಕಲ್ಲಿಗೆ ತಾಗಿದರೆ ಮೆತ್ತನೆಯ ಸದ್ದು, ಮಂಜಿನಲ್ಲೂ ಕೈಗೆ ತಣ್ಣಗೆ ಕೊರೆಯುವುದಿಲ್ಲ, ಬಿಸಿಲಿಗೆ ಹೊಳೆಯುವುದಿಲ್ಲ.

ಒಂಟಿ ಕೋಲಿನಲ್ಲಿ ತಂಬ್‌ಸ್ಟಿಕ್ ಎಂಬುದೊಂದಿದೆ. ನೆತ್ತಿಯಲ್ಲಿ ಸಹಜವಾದ ಕವಲು, ಇಲ್ಲವೇ ಜಿಂಕೆಯ ಉದುರಿದ ಕೊಂಬಿನಿಂದ ಮಾಡಿ ಕೂರಿಸಿದ ಕವಲು. ನಡೆಯುವಾಗ ಹೆಬ್ಬೆರಳು ಆ ಕವಲಿನಲ್ಲಿ ಕೂರುತ್ತದೆ, ಮಂಡಿಯೂರಿದಾಗ ಅಲ್ಲೇ ಕೋವಿ ಕೂರುತ್ತದೆ. ನಡಿಗೆಗೆ ಇದರಷ್ಟು ಹಿತವಾದ ಕೋಲಿಲ್ಲ. ಗುರಿಗೆ ಸಾಧಾರಣ, ಅಷ್ಟೇ. ಹಳೆಯ ಸ್ಟಾಕರ್‌ಗಳು ಇದನ್ನು ಇನ್ನೊಂದು ಕೆಲಸಕ್ಕೂ ಬಳಸುತ್ತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಬೆನ್ನುಹಚ್ಚಿ ಮಲಗಿ, ಉದ್ದನೆಯ ಹಿತ್ತಾಳೆ ದುರ್ಬೀನನ್ನು ಕೋಲಿಗೂ ಮೊಣಕಾಲಿಗೂ ಆನಿಸಿ ಗಂಟೆಗಟ್ಟಲೆ ಎದುರು ಬೆಟ್ಟವನ್ನು ಹುಡುಕುವುದು. 1900ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆಂದು ಲಾರ್ಡ್ ಲೊವಾಟ್ ಕಟ್ಟಿದ ಲೊವಾಟ್ ಸ್ಕೌಟ್ಸ್ ಪಡೆಗೆ ಸೇರಿಸಿಕೊಂಡದ್ದು ಇಂಥ ಸ್ಟಾಕರ್‌ಗಳನ್ನೇ, ಅವರ ಸಹಾಯಕರಾದ ಗಿಲ್ಲಿಗಳನ್ನೇ. ಮೊದಲ ಮಹಾಯುದ್ಧದಲ್ಲೂ ಅವರಲ್ಲಿ ಕೆಲವರು ದುರ್ಬೀನು ಹಿಡಿದು ನೋಡುವ ಕೆಲಸವನ್ನೇ ಮಾಡಿದರು. ನೋಡುವವನ ಕೈ ಅಲುಗದಿದ್ದರೆ ಮಾತ್ರ ದೂರದ್ದು ಕಾಣುತ್ತದೆ.

ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂದು ಕೇಳುತ್ತಾರೆ. ಕಾರ್ಬನ್ ಹಗುರ, ಕಂಪನವನ್ನು ಬೇಗ ನುಂಗುತ್ತದೆ. ಆದರೆ ಚೂಪು ಕಲ್ಲಿಗೆ ತಾಗಿ ಒಂದು ಗೀರು ಬಿದ್ದರೆ, ಮುಂದೊಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಅದು ಹೊಳೆಯ ನಡುವೆಯೂ ಆಗಬಹುದು. ಅಲ್ಯೂಮಿನಿಯಮ್ ಬಾಗುತ್ತದೆ, ಬಾಗಿದರೂ ಮನೆ ಮುಟ್ಟಿಸುತ್ತದೆ. ಕಲ್ಲು ಹೆಚ್ಚಿರುವ ಬೆಟ್ಟಕ್ಕೆ ನಾನು ಅಲ್ಯೂಮಿನಿಯಮ್ ಹೇಳುತ್ತೇನೆ, ಹುಲ್ಲು ಮತ್ತು ತೋಪಿನ ಸೀಮೆಗೆ ಕಾರ್ಬನ್. ಯಾವುದೇ ಆಗಲಿ, ಕೊಳವೆಯೊಳಗೆ ಕೊಳವೆ ಸೇರಿದ ಕೀಲುಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಒಂದೊಂದು ಕೀಲೂ ಒಂದೊಂದು ಗಿಲಕಿ, ಒಂದೊಂದು ಸಡಿಲ.

ಉದ್ದ ಹೊಂದಿಸುವ ಬೀಗದ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ತಿರುಚಿ ಬಿಗಿಯುವ ಬೀಗ ನೋಡಲು ಅಂದ, ಆದರೆ ಒಳಗಿನ ಪ್ಲಾಸ್ಟಿಕ್ ಸವೆದದ್ದು ಹೊರಗೆ ಕಾಣುವುದಿಲ್ಲ. ಮೈಭಾರ ಬಿದ್ದಾಗ ತಟ್ಟನೆ ಒಳಕ್ಕೆ ಜಾರುತ್ತದೆ. ಇಳಿಜಾರಿನಲ್ಲಿ ಮನುಷ್ಯ ಬೀಳುತ್ತಾನೆ, ಹೆಗಲಲ್ಲಿ ಕೋವಿಯೂ ಇರುತ್ತದೆ. ಸನ್ನೆಯಂತೆ ಮಡಚುವ ಬೀಗ ಬಿಗಿಯಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಕೈಗವಸು ತೆಗೆಯದೆ ಹಾಕಬಹುದು, ತೆಗೆಯಬಹುದು. ಅದರ ದೋಷ ಒಂದೇ, ಟಕ್ ಎನ್ನುವ ಸದ್ದು. ನಿಶ್ಶಬ್ದವಾದ ಕಣಿವೆಯಲ್ಲಿ ಆ ಸದ್ದು ಬಹುದೂರ ಹೋಗುತ್ತದೆ. ಅದಕ್ಕೇ ಉದ್ದವನ್ನು ಪ್ರಾಣಿ ಕಾಣುವ ಮೊದಲೇ ಹೊಂದಿಸಿಕೊಂಡಿರಬೇಕು. ಟ್ರಿಗರಿನಂತೆ ಒತ್ತಿದರೆ ಕಾಲು ತಾನೇ ಇಳಿಯುವ ಕೋಲುಗಳೂ ಅಮೆರಿಕದಿಂದ ಬಂದಿವೆ. ವೇಗದಲ್ಲಿ ಅವನ್ನು ಮೀರಿಸುವುದು ಕಷ್ಟ, ಆದರೆ ಅವುಗಳ ಮೇಲೆ ಪೂರ್ತಿ ಭಾರ ಬಿಟ್ಟು ಇಳಿಯುವುದನ್ನು ನಾನು ಯಾರಿಗೂ ಹೇಳಲಾರೆ. ಅವು ಕೋವಿಯ ಭಾರಕ್ಕೆ ಮಾಡಿದವು, ಮನುಷ್ಯನ ಭಾರಕ್ಕಲ್ಲ.

ಕೆಳತುದಿಗೆ ಬನ್ನಿ. ನಡೆಯಲು ಹಿಡಿತ ಕೊಡುವುದು ಟಂಗ್‌ಸ್ಟನ್ ಕಾರ್ಬೈಡಿನ ಚೂಪು ಮೊಳೆ, ಆದರೆ ಕಲ್ಲಿಗೆ ತಾಗಿದರೆ ಕಿರ್ ಎನ್ನುತ್ತದೆ. ರಬ್ಬರಿನ ಟೋಪಿ ಹಾಕಿದರೆ ಸದ್ದಿಲ್ಲ, ಒದ್ದೆ ಹುಲ್ಲಿನಲ್ಲಿ ಜಾರುತ್ತದೆ. ಬೆಟ್ಟ ಹತ್ತುವ ತನಕ ಮೊಳೆ, ಜಿಂಕೆಯ ಸೀಮೆ ಹೊಕ್ಕ ಮೇಲೆ ರಬ್ಬರ್ ಎನ್ನುವುದು ಒಳ್ಳೆಯ ಪದ್ಧತಿ. ಪೀಟ್ ಕೆಸರಿಗೆ ಅಗಲ ಬಿಲ್ಲೆ ಇರಲೇಬೇಕು. ಗುರಿಯಿಟ್ಟು ನಿಂತಾಗ ಒಂದು ಕಾಲು ಮೆಲ್ಲಗೆ ಇಳಿಯತೊಡಗಿದರೆ ಕೋವಿ ಓರೆಯಾಗುತ್ತದೆ. ಮೇಲಿನ ಕವೆಗೆ ಮೆತ್ತನೆಯ ಹೊದಿಕೆ ಬೇಕು, ತೊಗಲೋ ರಬ್ಬರೋ ಯಾವುದಾದರೂ ಸರಿ. ಕವೆಯ ಮೇಲೆ ಕೂರಬೇಕಾದದ್ದು ಕೋವಿಯ ಮರದ ಮುಂಭಾಗ, ಎಂದಿಗೂ ನಳಿಗೆಯಲ್ಲ. ಗಟ್ಟಿ ವಸ್ತುವಿಗೆ ನಳಿಗೆ ತಾಗಿದ್ದರೆ ಗುಂಡು ಹಾರುವಾಗ ನಳಿಗೆ ಪುಟಿದು ಗುರಿ ತಪ್ಪುತ್ತದೆ. ಬಣ್ಣ ಮಬ್ಬಾಗಿರಲಿ. ಜಿಂಕೆಗೆ ಕೆಂಪು, ಕಿತ್ತಳೆ ನಮಗೆ ಕಂಡಂತೆ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಬೇಗ ಕಾಣುವುದು ಹೊಳಪು ಮತ್ತು ಚಲನೆ.

ಎಷ್ಟು ಒಳ್ಳೆಯ ಕೋಲಾದರೂ ದೂರವನ್ನು ಗೌರವಿಸಬೇಕು. ಬ್ರಿಟನ್ನಿನಲ್ಲಿ ಡಿಎಸ್‌ಸಿ ಎಂಬ ಜಿಂಕೆ ಬೇಟೆಯ ಪ್ರಮಾಣಪತ್ರವಿದೆ. ಅದರ ಮೊದಲ ಹಂತದಲ್ಲಿ ಬಹುಕಾಲದಿಂದ ನಡೆದುಬಂದ ಗುರಿಪರೀಕ್ಷೆ ಹೀಗಿದೆ. ಮಲಗಿ ಹೊಡೆಯಬೇಕಾದದ್ದು 100 ಮೀಟರಿನಿಂದ. ಕೂತು ಅಥವಾ ಮಂಡಿಯೂರಿ 70 ಮೀಟರ್. ನಿಂತು 40 ಮೀಟರ್. ಕೂತಾಗಲೂ ನಿಂತಾಗಲೂ ಕೋಲು ಬಳಸಬಹುದು. ನಿಂತವನಿಗೆ ಕೋಲಿದ್ದರೂ ದೂರವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದಾರೆ ನೋಡಿ. ನಿಂತ ಮನುಷ್ಯನ ಮೈ ಎಷ್ಟು ಅಲುಗುತ್ತದೆ ಎಂಬುದನ್ನು ಬಲ್ಲವರು ರಚಿಸಿದ ಪರೀಕ್ಷೆ ಅದು. ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವರು ಪ್ರತಿ ವರ್ಷವೂ ಗುರಿಪರೀಕ್ಷೆ ಪಾಸಾಗಬೇಕು. ಹೋದ ವರ್ಷ ಪಾಸಾದದ್ದು ಈ ವರ್ಷ ನಡೆಯುವುದಿಲ್ಲ. ನನಗೆ ಆ ಕಾನೂನು ಬಹಳ ಹಿಡಿಸಿದೆ.

ಅಭ್ಯಾಸವನ್ನು ಗುಂಡಿಲ್ಲದೆಯೂ ಮಾಡಬಹುದು. ಖಾಲಿ ಕೋವಿ, ಮನೆಯ ಹಿತ್ತಲು. ಹತ್ತು ಹೆಜ್ಜೆ ಬಿರುಸಾಗಿ ನಡೆದು, ನಿಂತು, ಕೋಲು ತೆರೆದು ಊರಿ, ಕೋವಿಯನ್ನು ಹೆಗಲಿನಿಂದ ಇಳಿಸಿ ಕವೆಯಲ್ಲಿಡುವುದು. ಕೋಲು ಮೊದಲು, ಕೋವಿ ಆಮೇಲೆ. ಕಾಲುಗಳನ್ನು ತನ್ನ ಪಾದಗಳಿಗಿಂತ ಮುಂದೆ ಊರಿ, ಎದೆಯ ಭಾರವನ್ನು ಸ್ವಲ್ಪ ಅದರ ಮೇಲೆ ಬಿಡಬೇಕು. ಕೈ ತಾನಾಗಿ ಕಲಿಯುವವರೆಗೆ ಇದನ್ನು ಮಾಡಬೇಕು, ಏಕೆಂದರೆ ಬೆಟ್ಟದ ಮೇಲೆ ಕಣ್ಣು ಜಿಂಕೆಯ ಮೇಲಿರುತ್ತದೆ, ಕೋಲಿನ ಮೇಲಿರುವುದಿಲ್ಲ. ನಡೆಯುವಾಗ ಕೋವಿಯ ಕೋಣೆಯಲ್ಲಿ ಗುಂಡಿರಕೂಡದು. ಬೇಲಿ ದಾಟುವಾಗ, ಹೊಳೆ ದಾಟುವಾಗ ಬೋಲ್ಟ್ ತೆರೆದು ಕಣ್ಣಾರೆ ನೋಡಿಯೇ ಮುಂದಿನ ಹೆಜ್ಜೆ ಇಡಬೇಕು. ಎರಡೂ ಕೈಗೆ ಟ್ರೆಕ್ಕಿಂಗ್ ಕೋಲು ಹಿಡಿದವನಿಗೆ ಜಾರುವ ಕೋವಿಪಟ್ಟಿಯನ್ನು ಸರಿಪಡಿಸಲು ಕೈಯೇ ಉಳಿಯುವುದಿಲ್ಲ. ಅದಕ್ಕೂ ಒಂದೇ ಕೋಲು ಹಿಡಿಯುವ ಹಳೆಯ ರೂಢಿ ಮೇಲು. ಮಣಿಕಟ್ಟಿನ ಪಟ್ಟಿಯೊಳಗೆ ಕೈ ತೂರಿಸಬೇಡಿ. ಬಿದ್ದಾಗ ಕೋಲು ಕೈಬಿಟ್ಟು ಹೋಗಬೇಕು.

ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ಕೋವಿ ಮುಟ್ಟದೆಯೂ ಸ್ಟಾಕರ್ ಜೊತೆ ಒಂದು ದಿನ ಬೆಟ್ಟ ಹತ್ತಬಹುದು. ಕೆಲವು ಎಸ್ಟೇಟುಗಳಲ್ಲಿ ಅಂಥ ಅವಕಾಶ ಕೇಳಿದರೆ ಕೊಡುತ್ತಾರೆ. ಅಕ್ಟೋಬರಿನಲ್ಲಿ ಗಂಡು ಕೆಂಪು ಜಿಂಕೆಗಳು ಕೂಗುವ ಕಾಲ ನೋಡಿ ಹೋಗಿ.

ಇಲ್ಲಿರುವ ನಮಗೆ ಈ ಕೋಲು ದುರ್ಬೀನಿಗೆ ಒದಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕೈಯ ನಡುಕವನ್ನೂ ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಬರಿಗೈಯಲ್ಲಿ ಎಂಟು ಪಟ್ಟಿನದೇ ಲೇಸು ಎಂದು ಹಕ್ಕಿ ನೋಡುವವರು ಹೇಳುವುದು ಇದಕ್ಕೇ. ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖದ ಹುಲ್ಲುಗಾವಲಿಗೆ ಹೋಗುವವರು, ಎದುರು ಗುಡ್ಡದ ಶೋಲಾ ಕಾಡಿನ ಅಂಚಿಗೆ ಬರುವ ಕಡವೆಯನ್ನೋ ಕಾಟಿಯನ್ನೋ ನೋಡಬೇಕೆಂದಿದ್ದರೆ, ಎರಡು ಟ್ರೆಕ್ಕಿಂಗ್ ಕೋಲುಗಳ ಹಿಡಿಪಟ್ಟಿಗಳನ್ನು ಒಂದರೊಳಗೊಂದು ತೂರಿಸಿ ಅಡ್ಡಹಾಯಿಸಿ ಊರಿ. ಕೂತುಕೊಂಡು ಆ ಕವೆಯಲ್ಲಿ ದುರ್ಬೀನು ಇಡಿ. ಕೂತವರಿಗೆ ಆ ಉದ್ದ ಸಾಕು. ಹತ್ತು ಪಟ್ಟಿನ ದುರ್ಬೀನೂ ಆಗ ಅಲುಗದೆ ನಿಲ್ಲುತ್ತದೆ, ಕಡವೆಯ ಕಿವಿ ಯಾವ ಕಡೆ ತಿರುಗಿದೆ ಎಂಬುದನ್ನೂ ಸ್ಪಷ್ಟವಾಗಿ ನೋಡಬಹುದು.